ತೂಕ ಏರದಂತೆ ನೋಡಿಕೊಳ್ಳಲು ಇರುವ ದಾರಿಗಳು: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ

ತೂಕ ಇಳಿಸುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇರುವ ತೂಕ ಏರದಂತೆ ನೋಡಿಕೊಳ್ಳುವುದು ಹೇಗೆ ಎಂದು ಹೇಳುವವರು ಕಡಿಮೆ. ಮೂವತ್ತು ದಾಟಿದ ಬಹಳಷ್ಟು ಜನಕ್ಕೆ ಬೇಕಾಗಿರುವುದು ಈ ಎರಡನೆಯದೇ.

"ಮದುವೆಯಾದಾಗ 62 ಕೆ.ಜಿ. ಇದ್ದೆ, ಈಗ 75" ಎನ್ನುವವರನ್ನು ಯಾವ ವರ್ಷ ಹೀಗಾಯಿತು ಎಂದು ಕೇಳಿ ನೋಡಿ, ಹೇಳಲಾರರು. ಇಪ್ಪತ್ತು ವರ್ಷಕ್ಕೆ 13 ಕೆ.ಜಿ. ಎಂದರೆ ವರ್ಷಕ್ಕೆ ಮುಕ್ಕಾಲು ಕೆ.ಜಿ.ಯೂ ಆಗುವುದಿಲ್ಲ. ಅಷ್ಟು ಕಣ್ಣಿಗೆ ಬೀಳುವುದಿಲ್ಲ, ಬಟ್ಟೆಗೂ ಗೊತ್ತಾಗುವುದಿಲ್ಲ. ಅಮೆರಿಕದ 1.2 ಲಕ್ಷ ಆರೋಗ್ಯ ಕ್ಷೇತ್ರದ ಉದ್ಯೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಏರಿಕೆಯ ವೇಗ ಹೀಗೇ ಇತ್ತು: ನಾಲ್ಕು ವರ್ಷಕ್ಕೆ ಸರಾಸರಿ ಒಂದೂವರೆ ಕೆ.ಜಿ. ನಮ್ಮಲ್ಲಿ ಇದರ ಫಲ ಈಗಾಗಲೇ ಕಾಣುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ವಯಸ್ಕರಲ್ಲಿ ಗಂಡಸರಾಗಲಿ ಹೆಂಗಸರಾಗಲಿ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ದಾಟಿತ್ತು, ಅಂದರೆ ತೂಕ ಹೆಚ್ಚಾಗಿತ್ತು. ಅದಕ್ಕೂ ನಾಲ್ಕೈದು ವರ್ಷ ಹಿಂದೆ ಈ ಸಂಖ್ಯೆ 22–23ರ ಆಸುಪಾಸಿನಲ್ಲಿತ್ತು.

ಒಮ್ಮೆ ಏರಿದ ತೂಕವನ್ನು ಇಳಿಸಲು ಹೊರಟರೆ ದೇಹ ಸುಮ್ಮನಿರುವುದಿಲ್ಲ. ಹಸಿವು ಹೆಚ್ಚುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಕೆ.ಜಿ. ಏರದಂತೆ ತಡೆಯುವುದು ಒಂದು ಕೆ.ಜಿ. ಇಳಿಸುವುದಕ್ಕಿಂತ ಎಷ್ಟೋ ಸುಲಭ. ಇದಕ್ಕಾಗಿ ಯಾವ ಯಾವ ದಾರಿಗಳಿವೆ, ಪರೀಕ್ಷೆ ಮಾಡಿದಾಗ ಯಾವುದು ನಿಂತಿತು, ಅದನ್ನು ನಮ್ಮ ಮನೆಗಳಲ್ಲಿ ಹೇಗೆ ಮಾಡಬಹುದು ಎಂದು ಒಂದೊಂದಾಗಿ ನೋಡೋಣ.

ಮೊದಲು ಅಳತೆ

ಬಿಎಂಐ ಲೆಕ್ಕ ಸುಲಭ: ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಜಗತ್ತಿಗೆಲ್ಲ ಅನ್ವಯಿಸುವ ಮಾನದಂಡದಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವುದರಿಂದ ಭಾರತೀಯರಿಗೆ 2009ರಲ್ಲಿ ತಜ್ಞರು ಬೇರೆ ಗಡಿ ಹಾಕಿದರು: 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು. 165 ಸೆಂ.ಮೀ. ಎತ್ತರದವರಿಗೆ 23 ಎಂದರೆ ಸುಮಾರು 62.5 ಕೆ.ಜಿ., 25 ಎಂದರೆ 68 ಕೆ.ಜಿ.

ಇದಕ್ಕಿಂತ ಮುಖ್ಯವಾದ ಅಳತೆ ಹೊಟ್ಟೆಯ ಸುತ್ತಳತೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ಇದು ನಮ್ಮಲ್ಲಿ ಬಹಳ ಸಾಮಾನ್ಯ, ಬಿಎಂಐಗೆ ಇದು ಸಿಗುವುದಿಲ್ಲ. ಟೈಲರ್ ಟೇಪು ತೆಗೆದುಕೊಂಡು, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ತುದಿಗೂ ನಡುಮಧ್ಯೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಪ್ಯಾಂಟಿನ ಸೈಜನ್ನು ಮಾತ್ರ ನಂಬಬೇಡಿ. ಹೊಟ್ಟೆ ಬಂದ ಹಾಗೆ ಪ್ಯಾಂಟು ಕೆಳಗೆ ಕೆಳಗೆ ಕೂರುತ್ತದೆ, ಒಳಗಿನ ಚೀಟಿಯಲ್ಲಿ ಹತ್ತು ವರ್ಷದಿಂದ ಅದೇ 34 ಇರುತ್ತದೆ.

ಗೆರೆ ಎಳೆದುಕೊಳ್ಳಿ

ಈ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಮನೆಗೆ ಒಂದು ತೂಕದ ಮಷಿನ್ ತನ್ನಿ, ಒಂದು ಗೆರೆ ಎಳೆದುಕೊಳ್ಳಿ, ಗೆರೆ ದಾಟಿದರೆ ಏನು ಮಾಡಬೇಕು ಎಂಬುದನ್ನು ಈಗಲೇ ಬರೆದಿಡಿ.

ಇದಕ್ಕೆ ಆಧಾರ ಅಮೆರಿಕದ ರೋಡ್ ಐಲ್ಯಾಂಡಿನಲ್ಲಿ ಸಂಶೋಧಕಿ ರೀನಾ ವಿಂಗ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತೂಕ ಇಳಿಸಿಕೊಂಡಿದ್ದ 314 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಅಂಚೆಯಲ್ಲಿ ಸಲಹೆಯ ಪತ್ರಿಕೆ, ಇನ್ನೊಂದಕ್ಕೆ ಇಂಟರ್ನೆಟ್ ಮೂಲಕ ಮಾರ್ಗದರ್ಶನ, ಮೂರನೆಯದಕ್ಕೆ ಮುಖಾಮುಖಿ ಸಭೆ. ಕೊನೆಯ ಎರಡು ಗುಂಪುಗಳಿಗೆ ದಿನಾ ತೂಕ ನೋಡಲು ಹೇಳಿ, ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ಮೂರು ವಲಯ ಕೊಟ್ಟರು. ಶುರುವಿನ ತೂಕಕ್ಕಿಂತ 2.3 ಕೆ.ಜಿ. ಏರಿದರೆ ಕೆಂಪು. ಒಂದೂವರೆ ವರ್ಷದ ಮೇಲೆ ನೋಡಿದಾಗ ಪತ್ರಿಕೆ ಮಾತ್ರ ಓದಿದವರಲ್ಲಿ ನೂರಕ್ಕೆ 72 ಮಂದಿ ಆ ಗೆರೆ ದಾಟಿದ್ದರು. ಇಂಟರ್ನೆಟ್ ಗುಂಪಿನಲ್ಲಿ 55, ಮುಖಾಮುಖಿ ಗುಂಪಿನಲ್ಲಿ 46. ದಿನಾ ತೂಕ ನೋಡಿಕೊಂಡವರೇ ಹೆಚ್ಚು ಗೆದ್ದವರು.

ನೀವು ಮಾಡಬೇಕಾದ್ದು: ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ನಿಂತು ನೋಡಿ. ಮಷಿನ್ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲಲ್ಲ. ದಿನಾ ಆಗದಿದ್ದರೆ ವಾರಕ್ಕೆರಡು ಸಲವಾದರೂ ಆಗಲಿ. ನೆಂಟರ ಮನೆಯ ಊಟ, ಉಪ್ಪಿನಕಾಯಿ, ಹಪ್ಪಳ, ಮುಟ್ಟಿನ ಹಿಂದುಮುಂದಿನ ದಿನಗಳು, ಮಲಬದ್ಧತೆ ಇವುಗಳಿಂದ ಒಂದು ಕೆ.ಜಿ. ಮೇಲೆ ಕೆಳಗೆ ಆಗುತ್ತದೆ, ಅದು ಕೊಬ್ಬಲ್ಲ. ಒಂದು ದಿನದ ಅಂಕಿಗೆ ಬೆಚ್ಚಬೇಡಿ. ವಾರದ ಸರಾಸರಿ ಒಂದು ಕೆ.ಜಿ. ಮೇಲೆ ಬಂದರೆ ಹಳದಿ, ಎರಡು ದಾಟಿದರೆ ಕೆಂಪು ಎಂದಿಟ್ಟುಕೊಳ್ಳಿ. ಹಳದಿಗೆ ಬಂದರೆ "ಹದಿನೈದು ದಿನ ರಾತ್ರಿ ಅನ್ನ ಅರ್ಧ, ಸಂಜೆಯ ಕರಿದ ತಿಂಡಿ ಇಲ್ಲ, ವಾಕಿಂಗ್ ಇಪ್ಪತ್ತು ನಿಮಿಷ ಹೆಚ್ಚು" ಎಂಬಂಥ ನಿಮ್ಮದೇ ಚೀಟಿ ಫ್ರಿಜ್ ಬಾಗಿಲ ಮೇಲೆ ಮೊದಲೇ ಅಂಟಿರಲಿ. ತೂಕ ಏರಿದ ಮೇಲೆ ಯೋಚನೆ ಮಾಡಲು ಕೂತರೆ ಆ ವಾರ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ. ಊಟ ಬಿಟ್ಟು ಸೊರಗುವ, ತಿಂದು ಬೇಕೆಂದೇ ವಾಂತಿ ಮಾಡುವ ತೊಂದರೆ ಹಿಂದೆ ಇದ್ದವರು, ಅಂಕಿ ನೋಡಿ ದಿನವೆಲ್ಲ ಕುಗ್ಗುವವರು ಈ ದಾರಿಗೆ ಬರಬೇಡಿ. ಅವರಿಗೆ ತಿಂಗಳಿಗೊಮ್ಮೆ ಹೊಟ್ಟೆಯ ಅಳತೆ ಸಾಕು, ಅದೂ ಡಾಕ್ಟರ ಜೊತೆ ಮಾತಾಡಿ.

ಚಿಕ್ಕ ಬದಲಾವಣೆಯೋ, ದೊಡ್ಡದೋ?

"ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸಿಕೊಳ್ಳಿ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇದನ್ನು ನೇರವಾಗಿ ಪರೀಕ್ಷೆಗೆ ಹಚ್ಚಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. 18ರಿಂದ 35 ವಯಸ್ಸಿನ 599 ಮಂದಿ. ಒಂದು ಗುಂಪಿಗೆ ಚಿಕ್ಕ ಬದಲಾವಣೆ: ದಿನಕ್ಕೆ ಸುಮಾರು 100 ಕ್ಯಾಲರಿ ಕಡಿತ, 2,000 ಹೆಜ್ಜೆ ಹೆಚ್ಚು ನಡಿಗೆ. ಇನ್ನೊಂದು ಗುಂಪಿಗೆ ದೊಡ್ಡದು: ಶುರುವಿನಲ್ಲೇ ಎರಡು ತಿಂಗಳು ಗಟ್ಟಿಯಾಗಿ ಪಥ್ಯ ಮಾಡಿ ಎರಡರಿಂದ ನಾಲ್ಕೂವರೆ ಕೆ.ಜಿ. ಇಳಿಸಿಕೊಂಡು, ಮುಂದಿನ ವರ್ಷಗಳ ಏರಿಕೆಗೆ ಒಂದು ಮೆತ್ತೆ ಮಾಡಿಟ್ಟುಕೊಳ್ಳುವುದು, ಜೊತೆಗೆ ವಾರಕ್ಕೆ 250 ನಿಮಿಷ ವ್ಯಾಯಾಮ. ಮೂರನೆಯ ಗುಂಪಿಗೆ ವಿಶೇಷವೇನೂ ಇಲ್ಲ. ಮೂರು ವರ್ಷದ ಸರಾಸರಿ ನೋಡಿದರೆ ಏನೂ ಮಾಡದ ಗುಂಪು ಕಾಲು ಕೆ.ಜಿ. ಮೇಲೆ, ಚಿಕ್ಕ ಬದಲಾವಣೆಯವರು ಅರ್ಧ ಕೆ.ಜಿ. ಕೆಳಗೆ, ದೊಡ್ಡ ಬದಲಾವಣೆಯವರು ಸುಮಾರು 2.4 ಕೆ.ಜಿ. ಕೆಳಗೆ ಇದ್ದರು.

ದೊಡ್ಡದು ಗೆದ್ದಿತು. ಹಾಗೆಂದು ಎಲ್ಲರೂ ಅದನ್ನೇ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಬಿಎಂಐ 23ಕ್ಕಿಂತ ಕೆಳಗಿದ್ದು, ಹೊಟ್ಟೆ ಗಡಿಯೊಳಗಿದ್ದರೆ ಚಿಕ್ಕ ಬದಲಾವಣೆ ಸಾಕು. ಈಗಾಗಲೇ 24–25ಕ್ಕೆ ಬಂದಿರುವವರು, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದವರು ಎರಡು ತಿಂಗಳು ಮನಸ್ಸು ಗಟ್ಟಿ ಮಾಡಿ ಮೊದಲು ಎರಡು ಮೂರು ಕೆ.ಜಿ. ಇಳಿಸಿ, ಆಮೇಲೆ ಕಾಯ್ದುಕೊಳ್ಳುವುದು ಒಳ್ಳೆಯದು. ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಗಟ್ಟಿ ಪಥ್ಯ ಹಿಡಿಯಬಾರದು.

ಯಾವ ಪಥ್ಯ ಮೇಲು?

ಇದರ ಬಗ್ಗೆ ನಡೆಯುವಷ್ಟು ಜಗಳ ಇನ್ನಾವುದರ ಬಗ್ಗೆಯೂ ನಡೆಯುವುದಿಲ್ಲ, ಆದರೆ ಫಲಿತಾಂಶಗಳಲ್ಲಿ ಅಷ್ಟು ಅಂತರವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಿಡ್ಡು ಕಡಿಮೆ ಮಾಡಿದವರು ವರ್ಷಕ್ಕೆ 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿದರು. ಅದನ್ನು ಗೆಲುವು ಸೋಲು ಎನ್ನಲಾಗದು. ಹೊತ್ತು ನೋಡಿ ಉಣ್ಣುವ ಪದ್ಧತಿಯದೂ ಇದೇ ಕಥೆ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಮಾಡಿ ನೋಡಿದರು. ಕ್ಯಾಲರಿ ಕಡಿಮೆ ಮಾಡಿದ ಮೇಲೆ ಬೆಳಿಗ್ಗೆ 8ರಿಂದ ಸಂಜೆ 4ರೊಳಗೇ ಉಂಡರೂ, ಯಾವಾಗ ಬೇಕಾದರೂ ಉಂಡರೂ ವರ್ಷದ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ.

ರಾತ್ರಿ ಹತ್ತರ ಮೇಲೆ ಟಿವಿ ಮುಂದೆ ಮಿಕ್ಸ್ಚರ್ ತಿನ್ನುವ ಅಭ್ಯಾಸ ಇದ್ದವರಿಗೆ ಹೊತ್ತಿನ ಕಟ್ಟು ಸಹಾಯ ಮಾಡುತ್ತದೆ. ಅದು ಇಲ್ಲದವರಿಗೆ ಬರೀ ಶಿಕ್ಷೆ. ಒಂದೇ ಅಡುಗೆಮನೆಯಲ್ಲಿ ಅತ್ತೆ, ಮಾವ, ಮಕ್ಕಳು ಎಲ್ಲರಿಗೂ ಬೇಯಿಸುವಾಗ ನಿಮಗೊಬ್ಬರಿಗೆ ಪ್ರತ್ಯೇಕ ಪಥ್ಯ ಎಷ್ಟು ತಿಂಗಳು ನಡೆದೀತು? ತೂಕ ಕಾಯುವ ಕೆಲಸ ಹತ್ತಾರು ವರ್ಷದ್ದು. ಹಾಗಾಗಿ ಮನೆಯವರೆಲ್ಲರ ತಟ್ಟೆಯಲ್ಲಿ ಆಗುವ ಬದಲಾವಣೆಯೇ ನಿಲ್ಲುವ ಬದಲಾವಣೆ.

ಅಡುಗೆಮನೆಯ ಲೆಕ್ಕ

ಕ್ಯಾಲರಿ ಎಣಿಸಲು ಹೋಗಬೇಡಿ, ತಿಂಗಳ ದಿನಸಿ ಎಣಿಸಿ. ಕೂತು ಕೆಲಸ ಮಾಡುವ ವಯಸ್ಕರಿಗೆ ದಿನಕ್ಕೆ 20ರಿಂದ 25 ಗ್ರಾಂ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಸಾಕು. ನಾಲ್ಕು ಜನ ದೊಡ್ಡವರಿರುವ ಮನೆಗೆ ಇದು ತಿಂಗಳಿಗೆ ಸುಮಾರು ಮೂರು ಲೀಟರ್. ನಿಮ್ಮ ದಿನಸಿ ಚೀಟಿಯಲ್ಲಿ ಐದು ಪ್ಯಾಕೆಟ್ ಇದ್ದರೆ ಉತ್ತರ ಅಲ್ಲೇ ಇದೆ. ಒಂದು ಲೀಟರ್ ಹೆಚ್ಚಾದರೆ ನಾಲ್ಕು ಜನಕ್ಕೆ ಹಂಚಿದಾಗ ತಲಾ ದಿನಕ್ಕೆ ಸುಮಾರು 70 ಕ್ಯಾಲರಿ. ವರ್ಷಕ್ಕೆ ಅರ್ಧ ಕೆ.ಜಿ., ಮುಕ್ಕಾಲು ಕೆ.ಜಿ. ಏರಲು ಇಂಥ ಚೂರುಪಾರೇ ಸಾಕು. ಎಣ್ಣೆ ಜಗ್ಗಿನಿಂದ ನೇರ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ. ಚಿತ್ರಾನ್ನದ ಒಗ್ಗರಣೆಗೆ ಕೈ ಎಷ್ಟು ಧಾರಾಳ ಎಂಬುದು ಅಳೆದ ದಿನವೇ ತಿಳಿಯುತ್ತದೆ. ದೋಸೆಗೆ ಕಾವಲಿ ಸವರಲು ಅರ್ಧ ಈರುಳ್ಳಿಯನ್ನೋ ಬಟ್ಟೆಯ ಗಂಟನ್ನೋ ಬಳಸುವ ಹಳೆಯ ಕ್ರಮ ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ.

ಸಕ್ಕರೆಯದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಂತೆ ಮೇಲಿನಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಅಂದರೆ ಸುಮಾರು ಆರು ಟೀ ಚಮಚ. ಎರಡು ಚಮಚದ ಮೂರು ಕಾಫಿಯಲ್ಲೇ ಅದು ಮುಗಿಯಿತು. ಬೆಲ್ಲಕ್ಕೆ ಬದಲಾಯಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಅನ್ನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದಿನದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟದಿಂದಲೇ ಬರುತ್ತದೆ. ನಮ್ಮ ಊಟದ ಕ್ರಮವೇ ಹಾಗಿದೆ: ಸಾರಿಗೊಂದು ಸಲ ಅನ್ನ, ಹುಳಿಗೊಂದು ಸಲ, ಮೊಸರಿಗೆ ಮತ್ತೊಂದು ಸಲ. ಪ್ರತಿ ಸಲವೂ "ಸ್ವಲ್ಪ ಹಾಕು" ಎನ್ನುತ್ತೇವೆ, ಮೂರು ಸ್ವಲ್ಪ ಸೇರಿ ತಟ್ಟೆ ತುಂಬುತ್ತದೆ. ಊಟಕ್ಕೆ ಕೂರುವಾಗಲೇ ಅಂದಿನ ಅನ್ನವನ್ನೆಲ್ಲ ಒಂದೇ ಸಲ ಬಡಿಸಿಕೊಂಡು, ಅದನ್ನೇ ಮೂರು ಪಾಲು ಮಾಡಿ. ಮೊದಲು ಕೋಸಂಬರಿ, ಪಲ್ಯ ಮುಗಿಸಿ. ಪಲ್ಯ ಎಲೆಯ ತುದಿಗೆ ಬಡಿಸುವಷ್ಟಾದರೆ ಸಾಲದು, ತಟ್ಟೆಯ ಅರ್ಧ ಇರಲಿ. ಬೇಳೆ ನೀರುಸಾರಿನ ತಳದಲ್ಲಿ ಉಳಿಯದೆ ಸೌಟಿಗೆ ಸಿಗುವಷ್ಟು ಗಟ್ಟಿ ಇರಲಿ. ಕಾಳು, ಮೊಟ್ಟೆ, ಮೀನು ನಿಮ್ಮ ಮನೆಯ ರೂಢಿಯಂತೆ ಸೇರಲಿ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ.

ಮುದ್ದೆ ತಿಂದರೆ ತೂಕ ಏರುವುದಿಲ್ಲ ಎಂಬ ನಂಬಿಕೆ ಇದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, ಅಷ್ಟೇ ರಾಗಿಯಲ್ಲಿ ಸುಮಾರು 320. ಅಂತರ ಅಷ್ಟೇ. ರಾಗಿಯಲ್ಲಿ ನಾರು ಮೂರು ನಾಲ್ಕು ಪಟ್ಟು ಹೆಚ್ಚು, ಅದು ದೊಡ್ಡ ಲಾಭ. ಆದರೆ ಗದ್ದೆಯಲ್ಲಿ ದುಡಿದು ಬಂದವರ ಅಳತೆಯ ಮುದ್ದೆಯನ್ನು ಆಫೀಸಿನಲ್ಲಿ ಕೂತು ಬಂದವರು ತಿಂದರೆ ರಾಗಿಯೂ ಕೈಹಿಡಿಯದು.

ಬೇಕರಿ ಮತ್ತು ಪ್ಯಾಕೆಟ್ ತಿಂಡಿಯ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಅಮೆರಿಕದಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎರಡರಲ್ಲೂ ಬಡಿಸಿದ ಶಕ್ತಿ, ಸಕ್ಕರೆ, ಜಿಡ್ಡು, ನಾರು ಸಮ. ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಜನ ದಿನಕ್ಕೆ 500 ಕ್ಯಾಲರಿ ಹೆಚ್ಚು ತಿಂದು, ಎರಡೇ ವಾರದಲ್ಲಿ ಸುಮಾರು ಒಂದು ಕೆ.ಜಿ. ಏರಿದರು. ಬಿಸ್ಕತ್ತಿನ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿದ್ದರೆ ಖಾಲಿಯಾಗುತ್ತಲೇ ಇರುತ್ತದೆ. ಅದನ್ನು ಕೊಳ್ಳದೇ ಇರುವುದು, ತಂದಿಟ್ಟು ತಿನ್ನದೇ ಇರುವುದಕ್ಕಿಂತ ಸುಲಭ. ಸಂಜೆಗೆ ಹುರಿದ ಶೇಂಗಾ ಒಂದು ಹಿಡಿ, ಉಸಲಿ, ಸೀಬೆಹಣ್ಣು, ಮಜ್ಜಿಗೆ ಇಡಿ.

ನಡಿಗೆ

ಬರೀ ನಡಿಗೆಯಿಂದ ತೂಕ ಇಳಿಯುವುದು ಕಡಿಮೆ. ಅರ್ಧ ಗಂಟೆಯ ಬಿರುಸು ನಡಿಗೆಗೆ 65–70 ಕೆ.ಜಿ. ತೂಕದವರಿಗೆ ಖರ್ಚಾಗುವುದು 120–150 ಕ್ಯಾಲರಿ, ಮೂರು ಟೀ ಚಮಚ ಎಣ್ಣೆಯಲ್ಲಿ ಅಷ್ಟೇ ಇರುತ್ತದೆ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ದರ್ಶಿನಿಯಲ್ಲಿ ವಡೆ ತಿಂದರೆ ಲೆಕ್ಕ ಚುಕ್ತಾ. ಆದರೆ ಏರದಂತೆ ತಡೆಯುವುದರಲ್ಲಿ ನಡಿಗೆಯ ಬಲ ಬೇರೆ. 34,000 ಅಮೆರಿಕನ್ ಮಹಿಳೆಯರನ್ನು 13 ವರ್ಷ ಗಮನಿಸಿದ 2010ರ ವರದಿಯಲ್ಲಿ, ಸಹಜ ತೂಕದಲ್ಲಿದ್ದು ಅದನ್ನು ಉಳಿಸಿಕೊಂಡವರು ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಮಧ್ಯಮ ವ್ಯಾಯಾಮ ಮಾಡುವವರಾಗಿದ್ದರು. ಆರೋಗ್ಯಕ್ಕೆ ವಾರಕ್ಕೆ 150 ನಿಮಿಷ ಸಾಕು ಎನ್ನುವುದೂ ನಿಜ, ತೂಕ ಕಾಯಲು ಅದು ಸಾಲದು ಎನ್ನುವುದೂ ನಿಜ.

ಒಂದು ಗಂಟೆ ಒಟ್ಟಿಗೆ ಸಿಗದವರು ಒಡೆದುಕೊಳ್ಳಿ: ಬೆಳಿಗ್ಗೆ ಇಪ್ಪತ್ತೈದು ನಿಮಿಷ, ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ಹದಿನೈದು, ರಾತ್ರಿ ಊಟದ ಮೇಲೆ ಇಪ್ಪತ್ತು. ಫುಟ್‌ಪಾತ್ ಇಲ್ಲದ ಬಡಾವಣೆಯಲ್ಲಿ, ಬೀದಿದೀಪವಿಲ್ಲದ ಹಳ್ಳಿಯಲ್ಲಿ ಹೆಂಗಸರಿಗೆ ಇದು ಹೇಳಿದಷ್ಟು ಸುಲಭವಲ್ಲ. ಅಂಥ ಕಡೆ ನಾಲ್ಕು ಮನೆಯ ಹೆಂಗಸರು ಸೇರಿ ಶಾಲೆಯ ಮೈದಾನದಲ್ಲೋ ದೇವಸ್ಥಾನದ ಪ್ರಾಂಗಣದಲ್ಲೋ ನಡೆಯುವುದು ನಡೆಯುವ ಮಾತು. ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು ಸೇರಿಸಿ, ವಯಸ್ಸಾದಂತೆ ಕರಗುವ ಸ್ನಾಯು ಉಳಿಯುತ್ತದೆ.

ತೂಕ ಇಳಿಯದಿದ್ದರೂ ಈ ಶ್ರಮ ದಂಡವಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರ ಮೇಲೆ ನಡೆಸಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಕಾಯಿಲೆಯ ಅಪಾಯ ನೂರಕ್ಕೆ 28ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ.

ನಿದ್ದೆಯ ಬಗ್ಗೆ ಒಂದೇ ಮಾತು: ಆರು ಗಂಟೆಗಿಂತ ಕಡಿಮೆ ಮಲಗುವವರು ಒಂದು ಗಂಟೆ ಹೆಚ್ಚು ಮಲಗಿ. ಹಸಿವು ತಾನಾಗಿ ತಗ್ಗುತ್ತದೆ.

ತೂಕ ಏರುವ ಕಾಲಗಳು

ವರ್ಷವಿಡೀ ಒಂದೇ ಸಮನೆ ತೂಕ ಏರುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನವೆಂಬರಿನಿಂದ ಜನವರಿವರೆಗಿನ ಹಬ್ಬದ ಕಾಲದಲ್ಲಿ ಏರಿದ್ದು ಸರಾಸರಿ 0.37 ಕೆ.ಜಿ. ಮಾತ್ರ, ಆದರೆ ಅದು ಮುಂದೆ ಇಳಿಯಲೇ ಇಲ್ಲ. ನಮ್ಮಲ್ಲಿ ಗೌರಿ ಗಣೇಶದಿಂದ ದೀಪಾವಳಿವರೆಗೆ, ಮತ್ತೆ ಮದುವೆ ಸೀಸನ್ನಿನಲ್ಲಿ ಇದೇ ಆಗುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ 272 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ವಾರಕ್ಕೆರಡು ಸಲ ತೂಕ ನೋಡಿ ಬರೆದುಕೊಂಡು, ಹತ್ತು ಸಣ್ಣ ಸಲಹೆ ಪಾಲಿಸಿದವರು ಉಳಿದವರಿಗಿಂತ ಅರ್ಧ ಕೆ.ಜಿ. ಕಡಿಮೆ ಇದ್ದರು. ಖರ್ಚಿಲ್ಲದ ಉಪಾಯ.

ಮದುವೆ ಊಟದಲ್ಲಿ ಹೋಳಿಗೆ, ಚಿರೋಟಿ ಬಿಡಿ ಎಂದು ಹೇಳಲಾರೆ. ಇಷ್ಟವಾದ ಒಂದು ಸಿಹಿ ನೆಮ್ಮದಿಯಾಗಿ ತಿನ್ನಿ, ಅನ್ನ ಒಂದೇ ಸಲ ಹಾಕಿಸಿಕೊಳ್ಳಿ, ಬೇಡವಾದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಮನೆಗೆ ಬಂದ ಸಿಹಿಯ ಡಬ್ಬಿಯನ್ನು ಅಂದೇ ಹಂಚಿಬಿಡಿ.

ಬದುಕಿನಲ್ಲೂ ಇಂಥ ಕಾಲಗಳಿವೆ: ಮದುವೆಯಾದ ಮೊದಲ ವರ್ಷ, ಹೆರಿಗೆ ಮತ್ತು ಬಾಣಂತನ, ಕೂತು ಮಾಡುವ ಕೆಲಸಕ್ಕೆ ಸೇರಿದಾಗ, ರಾತ್ರಿ ಪಾಳಿ, ಮಂಡಿ ನೋವು ಶುರುವಾದಾಗ, ಮುಟ್ಟು ನಿಲ್ಲುವ ವಯಸ್ಸು. ಸಿಗರೇಟು ಬಿಟ್ಟವರಿಗೆ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕೆ.ಜಿ. ಏರುತ್ತದೆ. ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ, ಬಿಟ್ಟಿದ್ದರ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ಇಂಥ ಕಾಲ ಬರುತ್ತಿದೆ ಎಂದು ಗೊತ್ತಾದ ದಿನವೇ ತೂಕ ನೋಡುವುದನ್ನು ಶುರುಮಾಡಿ.

ಒಬ್ಬರೇ ಮಾಡುವುದು, ಜೊತೆಯಲ್ಲಿ ಮಾಡುವುದು

ಮೇಲೆ ಹೇಳಿದ ರೋಡ್ ಐಲ್ಯಾಂಡ್ ಪ್ರಯೋಗದಲ್ಲಿ ಮುಖಾಮುಖಿ ಗುಂಪು ಇಂಟರ್ನೆಟ್ ಗುಂಪಿಗಿಂತ ಮೇಲಿತ್ತು, ಬರೀ ಓದಿದವರು ಎಲ್ಲರಿಗಿಂತ ಕೆಳಗಿದ್ದರು. ಈ ಲೇಖನ ಓದಿ ಬದಿಗಿಟ್ಟರೂ ಅದೇ ಗತಿ. ಮೊಬೈಲ್ ಆ್ಯಪು ಹೆಜ್ಜೆ ಎಣಿಸಲು ಒಳ್ಳೆಯದು, ಆದರೆ ಅದಕ್ಕೆ ಉತ್ತರ ಕೊಡಬೇಕೆಂಬ ಮುಲಾಜಿಲ್ಲ. ಗಂಡ ಹೆಂಡತಿ, ಅಕ್ಕ ತಂಗಿ, ಆಫೀಸಿನ ಇಬ್ಬರು ಮೂವರು ಸೇರಿ ಭಾನುವಾರ ಬೆಳಿಗ್ಗೆ ತಮ್ಮ ತಮ್ಮ ಬಣ್ಣ ಹೇಳಿಕೊಳ್ಳಿ. ಕೆ.ಜಿ. ಹೇಳುವ ಅಗತ್ಯವಿಲ್ಲ, ಹಸಿರೋ ಹಳದಿಯೋ ಅಷ್ಟು ಸಾಕು. ಯಾರ ಮೈಯನ್ನೂ ಆಡಿಕೊಳ್ಳಬೇಡಿ. ಅವಮಾನದಿಂದ ಯಾರೂ ಸಣ್ಣಗಾಗುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತಾರೆ.

ಔಷಧ, ಡಾಕ್ಟರು

ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದುಗಳು ಈಗ ನಮ್ಮಲ್ಲೂ ಸಿಗುತ್ತವೆ. ಬೊಜ್ಜು ಈಗಾಗಲೇ ಬಂದವರಿಗೆ ಅವು ದೊಡ್ಡ ಸಹಾಯ. 68 ವಾರಗಳ ಪ್ರಯೋಗದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ನಾಲ್ಕು ಕೆ.ಜಿ. ಹೆಚ್ಚಿರುವವರು ಮದುವೆಗೆ ಸಣ್ಣಗಾಗಲು ಇದನ್ನು ತೆಗೆದುಕೊಳ್ಳಬಾರದು, ಡಾಕ್ಟರ ಚೀಟಿ ಇಲ್ಲದೆ ಖಂಡಿತ ಕೂಡದು.

ಊಟ, ನಡಿಗೆ ಬದಲಾಗದೆ ಮೂರು ನಾಲ್ಕು ತಿಂಗಳಲ್ಲಿ ಐದಾರು ಕೆ.ಜಿ. ಏರಿದರೆ, ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಮುಟ್ಟು ತಪ್ಪುವುದು, ಕಾಲು ಊತ, ರಾತ್ರಿ ಜೋರು ಗೊರಕೆ ಇದ್ದರೆ ಕಾರಣ ಬೇರೆ ಇರಬಹುದು. ಡಾಕ್ಟರ ಹತ್ತಿರ ಹೋಗುವಾಗ ನೀವು ನುಂಗುವ ಮಾತ್ರೆಗಳ ಪಟ್ಟಿಯನ್ನೂ, ತೂಕ ಬರೆದಿಟ್ಟ ಪುಸ್ತಕವನ್ನೂ ಒಯ್ಯಿರಿ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಮಾನಸಿಕ ಕಾಯಿಲೆಯ ಮತ್ತು ಮೂರ್ಛೆರೋಗದ ಕೆಲವು ಔಷಧಗಳು ತೂಕ ಏರಿಸುತ್ತವೆ. ಅವನ್ನು ನೀವಾಗಿ ನಿಲ್ಲಿಸಬೇಡಿ. ಬದಲಿ ಔಷಧ ಇದೆಯೇ ಎಂದು ಬಾಯಿಬಿಟ್ಟು ಕೇಳಿ, ಎಷ್ಟೋ ಸಲ ಇರುತ್ತದೆ.